‘ಒನ್ ಆಫ್ ಅಸ್’ಗೆ ವಿರುದ್ಧ ಪದ

“‘ಟೇಕ್ ಫಾರ್ ಗ್ರಾಂಟೆಡ್’ ಅನ್ನೋದಕ್ಕ ವಿರುದ್ಧ ಪದ ಏನು?” ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು. ಮೇಜಿನ ಮೇಲಿದ್ದ, ಸಾಬೂನಿನಷ್ಟೇ ದೊಡ್ಡ ಯಂತ್ರ “ಚೆರಿಷ್” ಎಂದಿತು. ಧಾರವಾಡದ ಆ ಸಭಾಂಗಣ ಚಪ್ಪಾಳೆ ತಟ್ಟಿತು.

ಅದು 2061ನೆಯ ಇಸವಿ. ಇಂಗ್ಲಿಷಿನ ಯಾವ ಪದಕ್ಕಾಗಲಿ, ನುಡಿಗಟ್ಟಿಗಾಗಲಿ ವಿರುದ್ಧಾರ್ಥ ಹುಡುಕಿಕೊಡುವ ‘ಪ್ರತಿಪದ’ ಯಂತ್ರವನ್ನು ಡಾ. ಇಂದುಧರ ಕೋರಿಶೆಟ್ಟರ ಎಂಬ ವಿಜ್ಞಾನಿ ಹನ್ನೊಂದು ವರ್ಷ ದುಡಿದು ಕಟ್ಟಿದ್ದ. ಅಷ್ಟೂ ವರ್ಷ ಅವನ ಜೊತೆ ದುಡಿದವಳು ಭಾಷಾತಜ್ಞೆ ಹುಲಿಗೆಮ್ಮ ದೊಡ್ಡಮನಿ. ಯಂತ್ರವನ್ನು ನಡೆಸುತ್ತ ವೇದಿಕೆಯ ಮೇಲೆ ನಿಂತಿದ್ದವಳೂ ಅವಳೇ.

“ಬಿಸಿ, ತಂಪು ಅನ್ನೋವು ದೂರದ ಪದ ಅಲ್ಲ, ಮಗ್ಗಲ ಮನಿಯವು,” ಎಂದು ಇಂದುಧರ ವಿವರಿಸಿದ. “ಎರಡೂ ಕಾವಿನ ಮಾತ. ನಡುವ ಒಂದ ಗೋಡಿ ಇರತೈತಿ. ಜನರ ಮಾತು ಕೇಳಿ ಕೇಳಿ ಯಂತ್ರ ಆ ಗೋಡಿ ಹುಡುಕತೈತಿ.”

ಒಬ್ಬನೇ ವ್ಯಕ್ತಿಯ ಮಾತಿನ ಧ್ವನಿಮುದ್ರಣಗಳನ್ನು ಊಡಿಸಿದರೆ ಯಂತ್ರ ಅವನ ಮನಸ್ಸಿನ ವಿರುದ್ಧ ಪದಗಳನ್ನೇ ಹೇಳುತ್ತಿತ್ತು. ಪಾರ್ಶ್ವವಾಯುವಿನಿಂದ ಪದ ಮರೆತವರಿಗೆ ಅವರದೇ ಮಾತನ್ನು ಮರಳಿ ಕೊಡಲೆಂದು ಆ ಏರ್ಪಾಡು. ಇಂದುಧರ ತನ್ನ ಮನೆಯ ಹಳೆಯ, ಹೊಸ ಧ್ವನಿಮುದ್ರಣಗಳನ್ನೆಲ್ಲ ಅದಕ್ಕೆ ಕೊಟ್ಟಿದ್ದ.

“ನಂದ ಹಾಕ್ರಿ, ಹುಲಿಗೆಮ್ಮ,” ಎಂದ ಹೆಮ್ಮೆಯಿಂದ.

ಅವಳು ಹಿಂಜರಿದಳು. “ಇವತ್ತ ಬ್ಯಾಡ್ರಿ ಸರ್.”

“ಹಾಕ್ರಿ, ಹಾಕ್ರಿ.”

‘ಹಾಲಿಡೇ’ಗೆ ಯಂತ್ರ ‘ಹೋಮ್’ ಎಂದಾಗ ಸಭೆ ನಕ್ಕಿತು. ಅವನೂ ನಕ್ಕ. ಹಿಂದಿನ ಸಾಲಿನಿಂದ ಯಾರೋ ‘ಒನ್ ಆಫ್ ಅಸ್’ ಎಂದು ಕೂಗಿದರು.

“ಹುಲಿಗೆಮ್ಮ,” ಎಂದಿತು ಯಂತ್ರ.

ಯಾರೂ ನಗಲಿಲ್ಲ. ಇಂದುಧರ ಅವಸರದಿಂದ ಸಭೆಯತ್ತ ತಿರುಗಿದ. “ಸ್ವಲ್ಪ ದೋಷ ಐತ್ರಿ,” ಎಂದುಬಿಟ್ಟ. “ಪದಗಳ ಹೊಂದಾಣಿಕಿ ಮಾಡಿದವರು ಹುಲಿಗೆಮ್ಮ. ಅವರು ಸರಿ ಮಾಡತಾರ.” ಅವಳು ತಲೆ ತಗ್ಗಿಸಿ ಯಂತ್ರ ನಿಲ್ಲಿಸಿದಳು.

ಮರುದಿನ ಬೆಳಿಗ್ಗೆ ಅವನು ಪ್ರಯೋಗಾಲಯದಲ್ಲಿ ತನ್ನ ಮುದ್ರಣಗಳನ್ನು ತೆರೆದ. ಅವಳ ಹೆಸರು ಬಂದ ಕಡೆಯಲ್ಲೆಲ್ಲ ಕೇಳಿದ. ಮಗಳ ನಿಶ್ಚಿತಾರ್ಥದ ಹಿಂದಿನ ದಿನ ಹೆಂಡತಿಯೊಡನೆ ಆಡಿದ ಮಾತು ಸಿಕ್ಕಿತು: “ಪಂಕ್ತಿಗೆ ಒನ್ ಆಫ್ ಅಸ್ ಇದ್ರ ಸಾಕು. ಹುಲಿಗೆಮ್ಮಗ ಊಟದ ಡಬ್ಬಿ ಕಳಿಸೋಣು.” ಅದೇ ಅರ್ಥದ ಇನ್ನೂ ಹಲವು. ಒಂದರಲ್ಲೂ ಸಿಟ್ಟಿರಲಿಲ್ಲ. ಉಪ್ಪಿನಕಾಯಿ, ಹಪ್ಪಳಗಳ ಮಾತಿನ ನಡುವೆ ಅವು ಸರಾಗವಾಗಿ ಬಂದು ಹೋಗಿದ್ದವು. ಆ ಡಬ್ಬಿಯನ್ನು ಕೈಯಾರೆ ಕೊಟ್ಟು, ತಾನು ದೊಡ್ಡ ಮನಸ್ಸಿನವನೆಂದು ಅಂದುಕೊಂಡದ್ದೂ ನೆನಪಾಯಿತು. ಅವನಿಗೆ ತನ್ನ ಧ್ವನಿಯನ್ನೇ ಕೇಳಲಾಗಲಿಲ್ಲ.

ಹುಲಿಗೆಮ್ಮ ಒಳಗೆ ಬಂದಾಗ ಅವನು ಎದ್ದು ನಿಂತ. “ನಿಮಗ ಮೊದಲಽ ಗೊತ್ತಿತ್ತೇನ್ರಿ?”

“ನಾಲ್ಕ ತಿಂಗಳಾತ್ರಿ. ಪರೀಕ್ಷಾ ಮಾಡುವಾಗ ಬಂದಿತ್ತು.”

“ಯಾಕ ಹೇಳಲಿಲ್ಲ?”

“ಹೇಳಿದ್ರ ಯಂತ್ರ ಕೆಟ್ಟೈತಿ ಅಂತಿದ್ರಿ ಸರ್. ನಿನ್ನೆ ಅಂದ್ರಿ ಕೂಡ.”

ಅವನು ತಪ್ಪಾಯಿತೆಂದ. “ನನ್ನ ಒಬ್ಬಾಕೀ ಮುಂದ ಅಂದ್ರ ಏನ ಬಂತು? ಕೆಲಸ ಕೆಡಿಸಿದಾಕಿ ಅಂತ ಇಡೀ ಸಭಾ ನನ್ನ ನೋಡಿ ಹೋತು,” ಎಂದಳು ಹುಲಿಗೆಮ್ಮ. ಅವಳ ಧ್ವನಿ ಏರಲಿಲ್ಲ.

ಮುಂದಿನ ವಾರ ಅವನು ಅದೇ ಸಭೆಯನ್ನು ಮತ್ತೆ ಕರೆದ. ಯಂತ್ರದಲ್ಲಿ ದೋಷವಿರಲಿಲ್ಲ, ಹುಲಿಗೆಮ್ಮನವರ ಕೆಲಸದಲ್ಲೂ ಇರಲಿಲ್ಲ, ದೋಷ ತನ್ನದು ಎಂದು ಹೇಳಿ, ಆ ಮುದ್ರಣವನ್ನು ಎಲ್ಲರಿಗೂ ಕೇಳಿಸಿದ. ತಮ್ಮ ಮಾತನ್ನೂ ಪರೀಕ್ಷಿಸಲು ಯಾರಾದರೂ ಬನ್ನಿ ಎಂದು ಕರೆದಾಗ ಸಭೆಯಲ್ಲಿ ಯಾರೂ ಏಳಲಿಲ್ಲ. ಹುಲಿಗೆಮ್ಮ ಅವನನ್ನು ಕ್ಷಮಿಸಿದೆನೆಂದು ಹೇಳಲಿಲ್ಲ. ತನ್ನದೇ ಪ್ರಯೋಗಾಲಯ ತೆರೆಯಲು ಆ ವರ್ಷವೇ ಕಲಬುರಗಿಗೆ ಹೋದಳು.

ಆ ಗೋಡೆಯನ್ನು ತಾನು ಎಲ್ಲಿಂದ ಕಲಿತೆನೆಂದು ಇಂದುಧರ ಮುದ್ರಣಗಳಲ್ಲಿ ಹಿಂದೆ ಹಿಂದೆ ಹೋದ. ಎಲ್ಲಕ್ಕಿಂತ ಹಳೆಯದು 2026ರದು: ಅವನ ಒಂಬತ್ತನೆಯ ಹುಟ್ಟುಹಬ್ಬ, ಮೊಬೈಲಿನಲ್ಲಿ ತೆಗೆದ ವಿಡಿಯೊ. “ನನ್ನ ಗೆಳ್ಯಾ ಶಿವಪ್ಪನ್ನೂ ಊಟಕ್ಕ ಕರೀಲೇನವ್ವಾ?” ಎಂದು ಎಳೆಯ ಧ್ವನಿ ಕೇಳುತ್ತದೆ. “ಅಂವಗ ಕೇಕ್ ಹೊರಗಽ ಕೊಡೋಣು ಕಂದಾ. ನಮ್ಮವರನ್ನಷ್ಟ ಒಳಗ ಕರಿ,” ಎಂದು ತಾಯಿ ಬಲು ಪ್ರೀತಿಯಿಂದ ಹೇಳುತ್ತಾಳೆ. ತಟ್ಟೆಗಳ ಸದ್ದು ಮುಂದುವರಿಯುತ್ತದೆ.