ಪಟ್ಟಿಗೆ ಬಾರದ ಪುಸ್ತಕ

"ಈ 'ಕಿಟಕಿ ಸೀಟು' ಅನ್ನೋ ಪುಣ್ಯಾತ್ಮ ಯಾರು ಅಂತ ಗೊತ್ತಾಗ್ಲಿ... ಹಲ್ಲು ಉದುರಿಸಿ ಕೈಗೆ ಕೊಡ್ತೀನಿ!"

ಕನ್ನಡಕದಂಗಡಿಯ ಬಾಗಿಲು ತಳ್ಳಿಕೊಂಡು ಬಂದವನು ಆಡಿದ ಮೊದಲ ಮಾತೇ ಇದು. ನಮಸ್ಕಾರ ಇಲ್ಲ, ಡಾಕ್ಟರ ಚೀಟಿ ಇಲ್ಲ. ಬೆರಳಿಗೆಲ್ಲ ಕಪ್ಪು ಮಸಿ, ಕೈಯಲ್ಲಿ ಮಡಚಿ ಮಡಚಿ ಹಣ್ಣಾಗಿದ್ದ ಒಂದು ಕಾಮಿಕ್ಸ್ ಪುಸ್ತಕ.

ಕೌಂಟರಿನ ಹಿಂದೆ ಕೂತು ಯಾರದೋ ಫ್ರೇಮಿಗೆ ಸ್ಕ್ರೂ ಬಿಗಿಯುತ್ತಿದ್ದವಳ ಕೈ ಅಲ್ಲೇ ನಿಂತಿತು.

ಯಾಕೆಂದರೆ ಆ ಪುಣ್ಯಾತ್ಮ ಅವಳೇ!

ಲೆನ್ಸ್ ಅರೆದು ಫ್ರೇಮಿಗೆ ಕೂರಿಸುವುದು ಅವಳ ಹೊಟ್ಟೆಪಾಡು. ಜೀವ ಇದ್ದದ್ದು ಬೇರೆ ಕಡೆ. ಪ್ರತಿ ಭಾನುವಾರ ಬೆಳಿಗ್ಗೆ 'ಕಿಟಕಿ ಸೀಟು' ಎಂಬ ಹೆಸರಿನಲ್ಲಿ ಇಂಟರ್‌ನೆಟ್ಟಿನಲ್ಲಿ ಮೂರು ಶಿಫಾರಸು ಹಾಕುತ್ತಿದ್ದಳು. ಒಂದು ಪತ್ತೇದಾರಿ ಕಾದಂಬರಿ, ಒಂದು ಸಿನಿಮಾ, ಒಂದು ಕಾಮಿಕ್ಸ್. ಅದನ್ನು ಕಾದು ಕೂತು ಓದುವವರು ಸಾವಿರಾರು ಜನ. ಅವಳು ಮೆಚ್ಚಿದ ಪುಸ್ತಕ ಮುಂದಿನ ಭಾನುವಾರದೊಳಗೆ ಅಂಗಡಿಗಳಲ್ಲಿ ಮಾರಾಟವಾಗಿ ಖಾಲಿಯಾಗುತ್ತಿತ್ತು.

ಹೋದ ವಾರದ ಕಾಮಿಕ್ಸ್ ಈ ಮನುಷ್ಯನದು. "ನೆರಳು ಬೆಳಕು ಅದ್ಭುತ" ಎಂದು ಹೊಗಳಿ, ಕೆಳಗೆ ಒಂದು ಕೊಕ್ಕೆಯನ್ನೂ ಹಾಕಿದ್ದಳು. ನಾಯಕಿಗೆ ದೂರದ್ದು ಕಾಣುವುದಿಲ್ಲ ಎಂಬುದರ ಮೇಲೆ ಇಡೀ ಕಥೆ ನಿಂತಿದೆ, ಆದರೆ ಅವಳ ಮುಖಕ್ಕೆ ಹಾಕಿರುವುದು ಹತ್ತಿರದ್ದು ಕಾಣದವರ ಕನ್ನಡಕ. ಚಿತ್ರಗಾರರು ಒಮ್ಮೆ ಕನ್ನಡಕದಂಗಡಿಗೆ ಹೋಗಿ ಬಂದರೆ ಒಳ್ಳೆಯದು!

"ಅಂಗಡಿಗೆ ಹೋಗಿ ಬಾ ಅಂತೆ! ಬಂದಿದ್ದೀನಿ. ನೀವೇ ಹೇಳಿ ಮೇಡಂ, ಇದರಲ್ಲಿ ಏನು ತಪ್ಪಿದೆ?" ಅವನು ಪುಸ್ತಕವನ್ನು ಕೌಂಟರಿನ ಮೇಲೆ ಬಿಚ್ಚಿಟ್ಟ.

ಅವಳು ಕೈಯಲ್ಲಿದ್ದ ಫ್ರೇಮನ್ನು ಬದಿಗಿಟ್ಟಳು. ಡ್ರಾಯರಿನಿಂದ ಎರಡು ಲೆನ್ಸ್ ತೆಗೆದಳು. ತನ್ನ ಕನ್ನಡಕ ಬಿಚ್ಚಿಟ್ಟು, ಒಂದು ಲೆನ್ಸನ್ನು ಕಣ್ಣಿನ ಮುಂದೆ ಹಿಡಿದಳು.

"ಇದು ಮೈನಸ್. ದೂರದ್ದು ಕಾಣದವರಿಗೆ. ನನ್ನ ಕಣ್ಣು ಹೇಗೆ ಕಾಣುತ್ತೆ?"

"ಚಿಕ್ಕದಾಗಿ..."

"ಇದು ಪ್ಲಸ್. ಹತ್ತಿರದ್ದು ಕಾಣದವರಿಗೆ. ಈಗ?"

"ದೊಡ್ಡದಾಗಿ..."

"ನೀವು ಬರೆದಿರೋದು?"

ಅವನು ಪುಸ್ತಕ ನೋಡಿದ. ಅವಳ ಕಣ್ಣು ನೋಡಿದ. ಮತ್ತೆ ಪುಸ್ತಕ ನೋಡಿದ. ಬಿರುಸೆಲ್ಲ ಜರ್ರನೆ ಇಳಿದುಹೋಗಿತ್ತು.

"ದೊಡ್ಡದಾಗೇ ಬರೆದಿದ್ದೀನಿ. ಆದ್ರೂ ಸಾವಿರಾರು ಜನರ ಎದುರು ಮಾನ ಕಳೀಬೇಕಿತ್ತಾ? ನನಗೊಂದು ಕಾಗದ ಬರೆದು ಹೇಳಬಹುದಿತ್ತಲ್ಲ!"

"ನಿಮ್ಮ ವಿಳಾಸ ಗೊತ್ತಿರಲಿಲ್ಲ," ಎಂದುಬಿಟ್ಟಳು.

ಅಯ್ಯೋ... ಬಾಯಿ ಜಾರಿತ್ತು!

"ನೀವಾ?!"

"ನಾನೇ. ಹಲ್ಲು ಉದುರಿಸ್ತೀನಿ ಅಂದ್ರಲ್ಲ... ಉದುರಿಸಿ."

ಅವನು ಎರಡು ಕ್ಷಣ ಅವಳನ್ನೇ ದುರುಗುಟ್ಟಿ ನೋಡಿದ. ಆಮೇಲೆ ನಕ್ಕ. ನಗು ತಡೆಯಲಾರದೆ ಹಣೆ ಒರೆಸಿಕೊಂಡಾಗ ಹಣೆಗೂ ಮಸಿ ಹತ್ತಿತು. ಅವಳಿಗೂ ನಗು ಬಂತು.

ಅಲ್ಲಿಂದ ಶುರುವಾಯಿತು ನೋಡಿ.

ಮಂಗಳವಾರ ಮಧ್ಯಾಹ್ನ ಅಂಗಡಿಗೆ ಗಿರಾಕಿ ಕಡಿಮೆ. ಆ ಹೊತ್ತಿಗೆ ಸರಿಯಾಗಿ ಅವನು ಹೊಸ ಪುಟಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಹಾಜರು. ಮಂದ ಕಣ್ಣಿನವರು ಕತ್ತಲಲ್ಲಿ ಮೆಟ್ಟಿಲು ಹೇಗೆ ಇಳೀತಾರೆ? ಲೆನ್ಸ್ ಒಡೆದರೆ ಬಿರುಕು ಯಾವ ಕಡೆ ಓಡುತ್ತೆ? ಅವಳು ಹೇಳುವಳು, ಅವನು ಅಲ್ಲೇ ಕೂತು ತಿದ್ದುವನು. ಮಿಕ್ಕ ಹೊತ್ತೆಲ್ಲ ಜಗಳ! ಕೊಲೆ ಕಥೆಯಲ್ಲಿ ಮೊದಲ ಪುಟಕ್ಕೇ ಹೆಣ ಬೀಳಬೇಕು ಎಂದು ಅವನು. ಸತ್ತವನು ಯಾರು, ಹೇಗಿದ್ದ ಎಂದು ಗೊತ್ತಿಲ್ಲದೆ ಬಿದ್ದ ಹೆಣಕ್ಕೆ ಅಳುವವರು ಯಾರು ಎಂದು ಅವಳು. ಭಾನುವಾರ ಮ್ಯಾಟಿನಿ ಸಿನಿಮಾಕ್ಕೆ ಹೋದರೆ ಇಂಟರ್‌ವಲ್ಲಿಗೆ ಮೊದಲೇ ಕೊಲೆಗಾರ ಯಾರೆಂದು ಇಬ್ಬರೂ ಟಿಕೆಟ್ಟಿನ ಹಿಂದೆ ಬರೆದಿಡುತ್ತಿದ್ದರು. ಅವಳೇ ಗೆಲ್ಲುತ್ತಿದ್ದಳು. ಅವನು ಬಸ್ ಸ್ಟಾಪಿನ ತನಕ ಮುಖ ಊದಿಸಿಕೊಂಡು ನಡೆಯುತ್ತಿದ್ದ.

ಒಂದು ಮಂಗಳವಾರ ಅವನು ತಂದ ಪುಟ ನೋಡಿ ಅವಳ ಎದೆ ಧಸಕ್ಕೆಂದಿತು. ಹೊಸ ಕಥೆಯ ಪತ್ತೇದಾರಿಣಿ ಮನೆಮನೆಗೆ ಹೋಗಿ ಕರೆಂಟ್ ಮೀಟರ್ ಓದುವ ಹೆಂಗಸು. ಜಾರಿದ ಕನ್ನಡಕವನ್ನು ಅವಳು ಬೆರಳಿನಿಂದಲ್ಲ, ಮಣಿಕಟ್ಟಿನ ಹಿಂಬದಿಯಿಂದ ಮೇಲೆ ತಳ್ಳುತ್ತಾಳೆ. ತನ್ನ ಹಾಗೆ ದಿನವಿಡೀ ಲೆನ್ಸ್ ಅರೆದು ಬೆರಳೆಲ್ಲ ಕೊಳೆಯಾಗಿರುವವರು ಮಾತ್ರ ಹಾಗೆ ಮಾಡುವುದು.

'ಇವನು ನನ್ನನ್ನು ಇಷ್ಟು ನೋಡಿದ್ದಾನಾ...' ಆ ದಿನ ಮೂರು ಫ್ರೇಮಿಗೆ ಎಡಬಲ ಅದಲುಬದಲು ಲೆನ್ಸ್ ಕೂರಿಸಿ ಮಾಲೀಕರ ಹತ್ತಿರ ಬೈಸಿಕೊಂಡಳು.

ಅವನು ಬಾಯಿಬಿಟ್ಟು ಏನೂ ಹೇಳಲಿಲ್ಲ. ಇವಳೂ ಹೇಳಲಿಲ್ಲ. ಹೇಳಿದ್ದರೆ ಮುಂದಿನ ರಗಳೆ ಇರುತ್ತಲೇ ಇರಲಿಲ್ಲ!

ಪುಸ್ತಕ ಹೊರಬಂತು. 'ಏಳನೇ ಮಹಡಿ', ಮೊದಲ ಭಾಗ. ಇದು ಚೆನ್ನಾಗಿ ಓಡಿದರೆ ಮಾತ್ರ ಎರಡನೇ ಭಾಗ ಎಂದು ಪ್ರಕಾಶಕರು ಖಡಾಖಂಡಿತ ಹೇಳಿದ್ದರು. ಅವನು ಮೊದಲ ಪ್ರತಿಯನ್ನು ತಂದು ಅವಳ ಕೈಗಿಟ್ಟ. ಬಾಯಿಬಿಟ್ಟು ಕೇಳಲಿಲ್ಲ. ಆದರೆ ಅವನ ಕಣ್ಣೆಲ್ಲ ಭಾನುವಾರದ ಮೇಲಿದೆ ಎಂದು ಅವಳಿಗೆ ಗೊತ್ತಿತ್ತು.

ಅಲ್ಲೇ ಇದ್ದದ್ದು ಸಂಕಟ.

ಮೂರು ವರ್ಷದ ಹಿಂದೆ ಅವಳು ಒಂದು ಪುಟ್ಟ ಸಿನಿಮಾವನ್ನು ಬಾಯ್ತುಂಬ ಹೊಗಳಿದ್ದಳು. ಅದಕ್ಕೆ ಕ್ಯಾಮೆರಾ ಹಿಡಿದವನು ಸ್ವಂತ ಅಣ್ಣ ಎಂಬುದು ಓದುಗರಿಗೆ ಹೇಗೋ ಗೊತ್ತಾಯಿತು. "ನಿಮ್ಮ ಮನೆ ಸರಕು ಮಾರೋಕೆ ನಮ್ಮ ನಂಬಿಕೆನೇ ಬೇಕಿತ್ತಾ?" ಎಂದು ಒಬ್ಬರು ಬರೆದಿದ್ದರು. ಸಿನಿಮಾ ನಿಜವಾಗಿಯೂ ಚೆನ್ನಾಗಿತ್ತು. ಆದರೆ ಯಾರು ನಂಬುತ್ತಾರೆ? ಅವಳು ವಾರಗಟ್ಟಲೆ ಅತ್ತಿದ್ದಳು. ಅಂದೇ ಶಪಥ ಮಾಡಿದ್ದಳು, ತನ್ನವರು ಅನ್ನಿಸಿದವರ ಬಗ್ಗೆ ಇನ್ನು ಒಂದಕ್ಷರವೂ ಬರೆಯುವುದಿಲ್ಲವೆಂದು.

ಈಗ ನೀವೇ ಹೇಳಿ, ಅವಳು ಏನು ಮಾಡಬೇಕು? ಬರೆದರೆ ಓದುಗರಿಗೆ ಮೋಸ. ಬರೆಯದಿದ್ದರೆ ಅವನ ಹೊಟ್ಟೆಯ ಮೇಲೆ ಹೊಡೆದ ಹಾಗೆ. ಯಾಕೆ ಬರೆಯುತ್ತಿಲ್ಲ ಎಂದು ಹೇಳಹೊರಟರೆ... "ನೀವು ನನ್ನವರು" ಎಂದು ತಾನಾಗಿ ಮೇಲೆ ಬಿದ್ದು ಹೇಳಿದ ಹಾಗೆ. ಅವನ ಮನಸ್ಸಿನಲ್ಲಿ ಅಂಥದ್ದೇನೂ ಇಲ್ಲದಿದ್ದರೆ?

ಮೊದಲ ಭಾನುವಾರ, ಮುದಿ ಸೂಲಗಿತ್ತಿಯೊಬ್ಬಳು ಕೊಲೆ ಪತ್ತೆ ಮಾಡುವ ಕಾದಂಬರಿಯನ್ನು ಪಟ್ಟಿಯ ಮೊದಲಿಗೆ ಹಾಕಿದಳು. ಎರಡನೇ ಭಾನುವಾರ, ಕೆಟ್ಟುನಿಂತ ಲಿಫ್ಟಿನಲ್ಲಿ ನಾಲ್ವರು ಸಿಕ್ಕಿಹಾಕಿಕೊಳ್ಳುವ ಸಿನಿಮಾಕ್ಕೆ ಅರ್ಧ ಪುಟ. ಮೂರನೇ ಭಾನುವಾರ, ಒಂದೂ ಮಾತಿಲ್ಲದ ಕಾಮಿಕ್ಸ್, ಅದೂ ಬೇರೆ ಯಾರದೋ!

ಮಂಗಳವಾರ ಅವನು ಬಂದ. ಕಂಕುಳಲ್ಲಿ ಪುಟಗಳಿರಲಿಲ್ಲ.

"ನನ್ನದು ಓದಿದ್ರಾ?"

"ಓದಿದೆ."

"ಮತ್ತೆ?"

"ಅದು... ಪಟ್ಟಿಗೆ ಬರಲ್ಲ."

"ಯಾಕೆ?"

"ಬರಲ್ಲ ಅಂದ್ರೆ ಬರಲ್ಲ! ಯಾಕೆ ಅಂತ ಕೇಳ್ಬೇಡಿ!"

ಇಷ್ಟು ಒರಟಾಗಿ ಹೇಳಬೇಕೆಂದು ಅವಳೇನೂ ಅಂದುಕೊಂಡಿರಲಿಲ್ಲ. ತನ್ನ ಮೇಲಿನ ಸಿಟ್ಟು ಅವನ ಮೇಲೆ ಹೋಗಿತ್ತು.

"ಅಷ್ಟು ಕೆಟ್ಟದಾಗಿದೆಯಾ?" ಅವನ ದನಿ ಸಣ್ಣದಾಗಿತ್ತು.

ಅವಳು ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಗಿರಾಕಿಯೊಬ್ಬರು ಒಳನುಗ್ಗಿ, "ಏನಮ್ಮಾ, ಮೂಗಿನ ಮೇಲೆ ನಿಲ್ಲೋದೇ ಇಲ್ವಲ್ಲ ಇದು!" ಎಂದು ಫ್ರೇಮು ಚಾಚಿದರು. ಅವಳು ಅದನ್ನು ತೆಗೆದುಕೊಂಡು ತಲೆ ಎತ್ತುವಷ್ಟರಲ್ಲಿ ಅವನಿರಲಿಲ್ಲ.

ಮುಂದಿನ ಮಂಗಳವಾರ ಬರಲಿಲ್ಲ. ಅದರ ಮುಂದಿನ ಮಂಗಳವಾರವೂ ಇಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ.

ಅವಳು ಕೈಕೈ ಹಿಸುಕಿಕೊಂಡಳು. 'ಏಳನೇ ಮಹಡಿ'ಯನ್ನು ನಾಲ್ಕನೇ ಸಲ ಓದಿದಳು. ಅದಾದರೂ ನೆಮ್ಮದಿ ಕೊಡುತ್ತದೆಯೇ? ಕೊನೆಯ ಪುಟದಲ್ಲಿ ಮೀಟರ್ ಓದುವವಳು ಏಳನೇ ಮಹಡಿಯ ಬಾಗಿಲು ತೆಗೆಯುತ್ತಾಳೆ, ಎದುರಿಗೆ ಕೊಲೆಗಾರ ನಿಂತಿದ್ದಾನೆ. ಆದರೆ ನಮಗೆ ಕಾಣುವುದು ಅವಳ ಕನ್ನಡಕದಲ್ಲಿ ಬಿದ್ದ ಪ್ರತಿಬಿಂಬ ಮಾತ್ರ, ಸಾಸಿವೆ ಕಾಳಿನಷ್ಟು! ಅಂಗಡಿಯ ಭೂತಕನ್ನಡಿ ಹಿಡಿದು ನೋಡಿದರೂ ಮೂರು ಗೆರೆ ಬಿಟ್ಟು ಏನೂ ಕಾಣಲಿಲ್ಲ.

ಭಾನುವಾರ ಊಟದ ಹೊತ್ತಿಗೆ ಅತ್ತಿಗೆ ಸುದ್ದಿ ತಂದರು.

"ನಿನ್ನ ಮಸಿ ಕೈಯವನು ಚಿತ್ರ ಬರೆಯೋದೇ ಬಿಡ್ತಾನಂತೆ ಕಣೇ. ಬಿಸ್ಕತ್ ಪೊಟ್ಟಣಕ್ಕೆ ಡಿಸೈನ್ ಮಾಡೋ ಕಂಪನಿಗೆ ನಾಳೆಯಿಂದ ಕೆಲಸಕ್ಕೆ ಹೋಗ್ತಾನಂತೆ. ಪುಸ್ತಕದಂಗಡಿಯವರು ಹೇಳಿದ್ರು."

ತುತ್ತು ಕೈಯಲ್ಲೇ ಉಳಿಯಿತು.

"ಬಿಡೋದಾ? ಹೇಗೆ ಬಿಡ್ತಾರೆ ಅತ್ತಿಗೆ? ಕೊಲೆಗಾರ ಯಾರು ಅಂತಾನೇ ಹೇಳಿಲ್ಲ!"

"ಅದಕ್ಕೇನಾ ಕಣ್ಣಲ್ಲಿ ನೀರು?"

"...ಅದಕ್ಕಷ್ಟೇ ಅಲ್ಲ."

"ಮತ್ತೆ ಅದನ್ನ ನನ್ನ ಹತ್ರ ಯಾಕೆ ಹೇಳ್ತಿದ್ದೀಯ? ಕೈ ತೊಳ್ಕೊಂಡು ಚಪ್ಪಲಿ ಮೆಟ್ಟಿಕೋ. ನಡಿ!"

ಅವನ ಕೋಣೆ ಸೈಕಲ್ ರಿಪೇರಿ ಅಂಗಡಿಯ ಮೇಲಿತ್ತು. ಬಾಗಿಲು ತೆರೆದೇ ಇತ್ತು. ಅವನು ನೆಲದ ಮೇಲೆ ಕೂತು ನಿಬ್ಬು, ಮಸಿ ಬಾಟಲಿ, ಕುಂಚಗಳನ್ನೆಲ್ಲ ಒಂದೊಂದಾಗಿ ಹಳೇ ಪೇಪರಿನಲ್ಲಿ ಸುತ್ತಿ ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದ.

"ಕೊಲೆಗಾರ ಯಾರು?"

ಅವನು ಬೆಚ್ಚಿ ತಲೆ ಎತ್ತಿದ. "ಏನ್ರೀ?"

"ಬಾಗಿಲ ಆಚೆ ನಿಂತಿದ್ದವನು ಯಾರು? ನಾಲ್ಕು ಸಲ ಓದಿದೆ, ಗೊತ್ತಾಗ್ಲಿಲ್ಲ. ಓದುವವರ ತಲೆ ಕೆಡಿಸಿ ಪೆಟ್ಟಿಗೆ ಕಟ್ಟಿಬಿಟ್ರೆ ಆಯ್ತಾ?"

"ಕೆಟ್ಟ ಪುಸ್ತಕವನ್ನ ನಾಲ್ಕು ಸಲ ಯಾಕೆ ಓದಿದ್ರಿ?"

"ಕೆಟ್ಟದು ಅಂತ ಯಾರು ಹೇಳಿದ್ರು?"

"ನೀವೇ! ಪಟ್ಟಿಗೆ ಬರಲ್ಲ ಅಂದ್ರಿ."

"ಬರಲ್ಲ ಅಂದೆ. ಕೆಟ್ಟದು ಅಂದ್ನಾ?"

"ಎರಡಕ್ಕೂ ಏನ್ರೀ ವ್ಯತ್ಯಾಸ?" ಅವನು ಎದ್ದು ನಿಂತ. ಇಷ್ಟು ದಿನ ನುಂಗಿದ್ದೆಲ್ಲ ಹೊರಬಂತು. "ಹೊಗಳಿ ಅಂತ ನಾನು ಕೇಳಿದ್ನಾ? ಬೈದಾದ್ರೂ ಬರೀಬಹುದಿತ್ತಲ್ಲ! ಮೊದಲ ಸಲ ಬೈದ್ರಿ, ಕಲಿತೆ. ಈ ಸಲ ಬೈಯೋದಕ್ಕೂ ಲಾಯಕ್ಕಿಲ್ವಾ ನನ್ನ ಕೆಲಸ? ನಿಮಗೇ ಮೂರು ಸಾಲು ಹುಟ್ಟಲ್ಲ ಅಂದ್ಮೇಲೆ ನಾನು ಯಾರಿಗೋಸ್ಕರ ಬರೀಲಿ?"

ಅವಳಿಗೆ ಕೆನ್ನೆಗೆ ಹೊಡೆದ ಹಾಗಾಯಿತು. 'ಎರಡು ಸಾಲಿನಲ್ಲಿ ಹೇಳಿ ಮುಗಿಸಬಹುದಾಗಿದ್ದ ಮಾತನ್ನು ಬಾಯಿಗೆ ಬೀಗ ಹಾಕಿಕೊಂಡು ಎಲ್ಲಿಗೆ ತಂದು ನಿಲ್ಲಿಸಿದೆ ನಾನು!'

ಬಾಗಿಲ ಚೌಕಟ್ಟು ಹಿಡಿದುಕೊಂಡೇ ಅಣ್ಣನ ಸಿನಿಮಾದ ಕಥೆ ಹೇಳಿದಳು. ಆ ಓದುಗರ ಮಾತನ್ನೂ ಹೇಳಿದಳು.

"ಅವತ್ತಿಂದ ನನ್ನವರ ಬಗ್ಗೆ ನಾನು ಬರೆಯಲ್ಲ. ಯಾರೇ ಆಗ್ಲಿ, ಎಷ್ಟೇ ಚೆನ್ನಾಗಿರ್ಲಿ."

"ಸರಿ. ಅದಕ್ಕೂ ನನಗೂ ಏನು ಸಂಬಂಧ? ನಾನೇನು ನಿಮ್ಮ ಅಣ್ಣನಾ?"

"ಅಯ್ಯೋ, ಅಣ್ಣ ಅಲ್ಲ ರೀ! ಖಂಡಿತ ಅಲ್ಲ!"

"ಮತ್ತೆ?"

"ಇಷ್ಟೊಂದು ಕೊಲೆ ಕಥೆ ಬರೀತೀರಿ, ಇಷ್ಟು ಸುಳಿವು ಸಿಕ್ಕಿದ್ರೂ ಗೊತ್ತಾಗಲ್ವಾ ನಿಮಗೆ?" ಅವಳ ದನಿ ಒಡೆಯಿತು. "ನನಗೆ ನೀವು ಅಂದ್ರೆ ಇಷ್ಟ. ನಿಮ್ಮ ಪುಸ್ತಕಾನೂ ಇಷ್ಟ. ಬರೆಯೋಕೆ ಕೂತ್ರೆ ಯಾವ ಮೆಚ್ಚುಗೆ ಪುಸ್ತಕಕ್ಕೆ, ಯಾವುದು ನಿಮಗೆ ಅಂತ ನನಗೇ ಬೇರೆ ಮಾಡೋಕೆ ಆಗಲ್ಲ... ಅದಕ್ಕೇ ಬರೀಲಿಲ್ಲ. ಸಾಕಾ?"

ಕೆಳಗೆ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ಅವನು ತಲೆ ತಗ್ಗಿಸಿ ಬೆರಳಿನ ಮಸಿಯನ್ನು ಅಂಗಿಗೆ ಉಜ್ಜತೊಡಗಿದ.

ಅವಳಿಗೆ ಭಯವಾಯಿತು. 'ಮುಗೀತು... ಇವನ ಮನಸ್ಸಿನಲ್ಲಿ ಏನೂ ಇರಲಿಲ್ಲ. ನಾನೇ ಹುಚ್ಚಿ.' ತಿರುಗಿ ಹೊರಡಲು ಹೆಜ್ಜೆ ಎತ್ತಿದಳು.

"ಕನ್ನಡಕದ ಬಗ್ಗೆ ಕೇಳೋಕೆ ಎಷ್ಟು ಇರುತ್ತೆ ಹೇಳಿ?" ಅವನು ಮೆಲ್ಲಗೆ ಕೇಳಿದ.

"ಅಂದ್ರೆ?"

"ನನಗೆ ಬೇಕಾದ್ದೆಲ್ಲ ಎರಡೇ ಮಂಗಳವಾರಕ್ಕೆ ಮುಗಿದಿತ್ತು. ಆಮೇಲೆ ಎಂಟು ತಿಂಗಳು ಬಂದೆ. ಪ್ರತಿ ಸೋಮವಾರ ಕೂತು ಮಾರನೇ ದಿನಕ್ಕೆ ಪ್ರಶ್ನೆ ಹುಡುಕ್ತಿದ್ದೆ ಕಣ್ರೀ... ಪತ್ತೇದಾರಿಣಿ ನೀವು, ನಿಮಗೂ ಗೊತ್ತಾಗ್ಲಿಲ್ವಲ್ಲ!"

ಅವಳು ಅಳುತ್ತಲೇ ನಕ್ಕಳು. ಕನ್ನಡಕವೆಲ್ಲ ಮಂಜಾಯಿತು. ಅವನು ಅದನ್ನು ತೆಗೆದು ತನ್ನ ಅಂಗಿಯ ಅಂಚಿನಿಂದ ಒರೆಸಿದ. ಮಸಿ ಹತ್ತಿ ಇನ್ನಷ್ಟು ಕೆಟ್ಟಿತು.

"ನಾಳೆ ಆ ಕೆಲಸಕ್ಕೆ ಹೋಗಲೇಬೇಕು. ಒಪ್ಪಿಕೊಂಡುಬಿಟ್ಟಿದ್ದೀನಿ," ಎಂದ.

"ಹೋಗಿ. ನಾನು ದಿನವೆಲ್ಲ ಲೆನ್ಸ್ ಅರೆಯಲ್ವಾ? ಆದ್ರೆ ಆ ನಿಬ್ಬು ಪೆಟ್ಟಿಗೆಯಿಂದ ಆಚೆ ತೆಗೀರಿ."

"ಪ್ರಕಾಶಕರು ಬೇಡ ಅಂದ್ರೆ?"

"ನನಗೊಬ್ಬಳಿಗಾದ್ರೂ ಬರೀರಿ."

"ಒಬ್ಬಳಿಗೋಸ್ಕರ ನೂರು ಪುಟಾನಾ?"

"ಹೂಂ. ಕೊಲೆಗಾರ ಯಾರು ಅಂತ ತಿಳೀದೆ ನಾನು ಬಿಡಲ್ಲ."

ಅವನು ಬಗ್ಗಿ ಪೆಟ್ಟಿಗೆಯಿಂದ ಒಂದು ಪೊಟ್ಟಣ ತೆಗೆದು ಪೇಪರು ಬಿಡಿಸಿದ. ನಿಬ್ಬನ್ನು ಮೇಜಿನ ಮೇಲಿಟ್ಟ. ಆಮೇಲೆ ಅವಳ ಕೈ ಹಿಡಿದುಕೊಂಡ.

"ಎರಡನೇ ಭಾಗದ ಬಗ್ಗೆ ಆದ್ರೂ ಬರೀತೀಯಾ?"

"ಅಷ್ಟೊತ್ತಿಗೆ ನೀವು ನನಗೆ ಯಾರೂ ಅಲ್ಲದೆ ಹೋಗಿದ್ರೆ ಬರೀತೀನಿ."

ಮೂರು ಭಾನುವಾರ ಆ ಪಟ್ಟಿಗಾಗಿ ಜೀವ ಹಿಡಿದುಕೊಂಡು ಕಾದಿದ್ದವನು ಅವಳ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದ.

"ಹಾಗಾದ್ರೆ ಜನ್ಮದಲ್ಲಿ ಬರೀಬೇಡ."

"ಇಲ್ಲ," ಎಂದಳು ಅವಳು. "ಒಂದಕ್ಷರವೂ ಬರೆಯಲ್ಲ."