ಕ್ಯಾಸೆಟ್ಟಿನ ತಳದ ಸದ್ದು

“ಹೇಗಿದೆಯೋ ಹಾಗೇ ಇಳಿಸಿಕೊಡಪ್ಪಾ. ಒಂದು ಸದ್ದನ್ನೂ ತೆಗೀಬೇಡ,” ಎಂದಳು ಆ ಹೆಂಗಸು. ಬಟ್ಟೆಯಲ್ಲಿ ಸುತ್ತಿ ತಂದ ಕ್ಯಾಸೆಟ್ಟನ್ನು ಕೌಂಟರಿನ ಮೇಲಿಟ್ಟಿದ್ದರೂ ಅದರ ಮೇಲಿನ ಕೈಯನ್ನು ತೆಗೆದಿರಲಿಲ್ಲ.

“ಗೊರಗೊರ ಅನ್ನೋದನ್ನೂ ಬಿಡ್ಬೇಕಾ?” ಅಳಿಯ ನಕ್ಕ. ಹಳೆಯ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿ ಸಿ.ಡಿ. ಮಾಡಿಕೊಡುವ ಈ ಅಂಗಡಿ ಮಾವನದು. ಮಾವ ತೀರಿಕೊಂಡ ಮೇಲೆ ಇವನು ಬಂದು ಕೂತಿದ್ದ. ಬೀದಿಯವರ ಬಾಯಲ್ಲಿ ಅವನು ಇನ್ನೂ ಅಳಿಯನೇ.

“ನಮ್ಮನೆಯವರಿಗೆ ಯಾರೋ ಮಾಟ ಮಾಡಿಸಿದ್ರು. ಜೀವ ಹೋಗೋದ್ರಲ್ಲಿತ್ತು. ಬಲ್ಲವರೊಬ್ರು ಮಂತ್ರ ಹಾಕಿ ಆ ಜೀವಾನ ಇದರೊಳಗೆ ಕಟ್ಟಿ ಉಳಿಸಿದ್ರು. ಈಗ ಇದಕ್ಕೆ ಬೂಷ್ಟು ಹಿಡೀತಿದೆ. ಅವರೂ ಸೊರಗ್ತಿದಾರೆ.” ಅವಳು ದನಿ ತಗ್ಗಿಸಿದಳು. “ಕಟ್ಟಿದ್ದು ಬಿಚ್ಚಿಹೋದ್ರೆ ಮಾಟ ಸುಮ್ನೆ ಕೂರಲ್ಲ. ಹತ್ರ ಇರೋರನ್ನ ಹಿಡ್ಕೊಳ್ಳುತ್ತೆ.”

“ಆಯ್ತಮ್ಮ. ಮಾಟಕ್ಕೊಂದು ಕವರ್ ಹಾಕಿ ಜೋಪಾನವಾಗಿ ಕೊಡ್ತೀನಿ, ಅದಕ್ಕೆ ಬೇರೆ ಚಾರ್ಜಿಲ್ಲ.”

ಹೆಂಗಸು ಅಂಗಡಿಯ ಫೋನ್ ನಂಬರು ಬರೆದುಕೊಂಡು ಮನೆಗೆ ಹೋದಳು. ಒಳಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದ ಅವನ ಹೆಂಡತಿಯ ಕಿವಿಗೆ ಈ ಮಾತೊಂದೂ ಬೀಳಲಿಲ್ಲ.

ಒಳಕೋಣೆಗೆ ಕಿಟಕಿಯಿಲ್ಲ. ಗೋಡೆಗೆಲ್ಲ ಕಪ್ಪು ಸ್ಪಂಜು. ಬಾಗಿಲು ಹಾಕಿದರೆ ಹಗಲೂ ಕತ್ತಲೆ, ಕಂಪ್ಯೂಟರಿನ ಪರದೆಯಷ್ಟೇ ಬೆಳಕು. ಕ್ಯಾಸೆಟ್ಟು ಹಾಕುತ್ತಲೇ ಮುಗ್ಗಲು ವಾಸನೆ ಎದ್ದಿತು, ಅದರ ಹಿಂದೆಯೇ ರೋಗಿಯ ಕೋಣೆಯ ಹುಳಿ ವಾಸನೆ. ಸ್ಪೀಕರಿನಲ್ಲಿ ಯಾರೋ ಗಂಡಸು ಮಂತ್ರದಂಥದ್ದೇನನ್ನೋ ಗೊಣಗುತ್ತಿದ್ದ. ಆ ಗೊಣಗಿನ ತಳದಲ್ಲಿ, ದಬ್... ದಬ್... ದಬ್.

ಟೇಪ್ ರೆಕಾರ್ಡರಿನ ಬೆಲ್ಟು ಸಡಿಲವಾಗಿರಬೇಕು ಎಂದುಕೊಂಡ. ಕೊನೆ ಮುಟ್ಟುವಷ್ಟರಲ್ಲಿ ಬೂಷ್ಟು ಹಿಡಿದ ಟೇಪು ಪಟ್ಟನೆ ಹರಿದು ಚೂರುಚೂರಾಯಿತು. ಪುಣ್ಯಕ್ಕೆ ಎಲ್ಲ ಕಂಪ್ಯೂಟರಿಗೆ ಇಳಿದಾಗಿತ್ತು.

ಹೇಳಿದಷ್ಟು ಮಾಡಿ ಸುಮ್ಮನಿರಬಹುದಿತ್ತು. ಆದರೆ ಕೊಳಕು ಸದ್ದು ಕೇಳಿದರೆ ಅವನ ಕೈ ತುರಿಸುತ್ತದೆ. ಬೇಡದ ಸದ್ದಿನ ಒಂದು ತುಣುಕನ್ನು ಕಂಪ್ಯೂಟರಿಗೆ ತೋರಿಸಿದರೆ ಸಾಕು, ಅಂಥದ್ದು ಎಲ್ಲೆಲ್ಲಿದೆಯೋ ಹುಡುಕಿ ಅದೇ ತೆಗೆದುಹಾಕುತ್ತದೆ. ಹೆಂಡತಿಗೂ ಅವನೇ ಕಲಿಸಿದ್ದ. ಅವಳು ಈಗ ಅವನಿಗಿಂತ ಚುರುಕು, ಹೇಳದೆಯೂ ಅರ್ಧ ಕೆಲಸ ಮುಗಿಸಿಟ್ಟಿರುತ್ತಾಳೆ. ಅವನು ಒಂದು ‘ದಬ್’ ಅನ್ನು ಗುರುತು ಮಾಡಿ ಒತ್ತಿದ. ಹಳೆಯದರ ಮೇಲೆಯೇ ಸೇವ್ ಮಾಡಿದ.

ಗೊಣಗು ಮಾತ್ರ ಉಳಿಯಿತು. ಆಮೇಲೆ ಅದೂ ನಿಂತಿತು, ಯಾರನ್ನೋ ಕಾಯುವಂತೆ.

ಫೋನು ಹೊಡೆದುಕೊಂಡಿತು.

“ಏನ್ ಮಾಡ್ದೆಯಪ್ಪಾ?” ಅದೇ ಹೆಂಗಸು. “ನಮ್ಮನೆಯವರು ಊಟಕ್ಕೆ ಕೂತಿದ್ರು... ಹಾಗೇ ಒರಗಿಬಿಟ್ರು...”

ಅವನ ಹಿಂದೆ ಕುರ್ಚಿ ಉರುಳಿದ ಸದ್ದು. ಹೆಂಡತಿ ನೆಲದ ಮೇಲಿದ್ದಳು. ಹೆಡ್‌ಫೋನು ಕಳಚಿ ಬಿದ್ದಿತ್ತು. ಕೈ ಎದೆಯ ಮೇಲಿತ್ತು.

ಸ್ಪೀಕರಿನಿಂದ ಬಂತು. ದಬ್. ಹಗುರ, ಚುರುಕು. ದಬ್. ದಬ್. ಈ ಸದ್ದು ಅವನಿಗೆ ಗೊತ್ತು. ಇದಕ್ಕೆ ಕಿವಿಯಾನಿಸಿಯೇ ಅವನು ದಿನಾ ನಿದ್ದೆ ಹೋಗುತ್ತಿದ್ದ. ಪರದೆಯ ಮೇಲೆ ಒಂದೊಂದು ಗೆರೆ ಎದ್ದಂತೆ ಅವಳ ಮಣಿಕಟ್ಟಿನಲ್ಲಿ ಒಂದೊಂದು ಮಿಡಿತ ಕಡಿಮೆಯಾಗುತ್ತಿತ್ತು.

“ಇವಳೇ! ಏ ಇವಳೇ, ಕಣ್ಬಿಡೇ!”

ಅಳಿಸಿದ್ದನ್ನು ಹಿಂದಕ್ಕೆ ತರುವ ಗುಂಡಿ ಒತ್ತಿದ. ಬರಲಿಲ್ಲ. ಹಳೆಯದನ್ನು ಅವನೇ ಅಳಿಸಿಹಾಕಿದ್ದ. ಟೇಪು ಚೂರಾಗಿತ್ತು. ಫೋನಿಗೆ ಬಾಯಿಟ್ಟು ಕಿರುಚಿದ. “ನನ್ನ ಹೆಂಡತಿ ಎದೆ ಬಡಿತ ಇದರಲ್ಲಿ ಕೇಳ್ತಿದೆ! ಎಲ್ಲಾ ಅಳಿಸಿಬಿಡ್ಲಾ?”

“ಬೇಡ! ಈಗ ಅದರೊಳಗೆ ಇರೋದು ಅವಳು!”

“ಮತ್ತೇನ್ ಮಾಡ್ಲಿ? ಹೇಳಿ ತಾಯಿ, ನಿಮ್ಮ ಕಾಲಿಗೆ ಬೀಳ್ತೀನಿ!”

ಅಳುವಿನ ನಡುವೆ ಉತ್ತರ ಬಂತು. “ಬೇರೆ ಎದೆ ಕೊಡ್ಬೇಕು.”

ಮೈಕು ಎಳೆದುಕೊಂಡ. ಅಂಗಿ ಹರಿದ. ಬರಿಯೆದೆಗೆ ಒತ್ತಿ ಹಿಡಿದ. ರೆಕಾರ್ಡಿನ ಗುಂಡಿ ಒತ್ತಿದ. ನನ್ನದು ತಗೋ. ನನ್ನದು ತಗೊಂಡು ಅವಳನ್ನು ಬಿಡು. ತಣ್ಣನೆಯದೇನೋ ಪಕ್ಕೆಲುಬಿನ ಒಳಗೆ ಕೈ ಹಾಕಿತು. ಹಿಡಿಯಿತು. ಕಿತ್ತಿತು. ಕಣ್ಣು ಕತ್ತಲಿಟ್ಟಿತು. ದಬ್. ಸ್ಪೀಕರಿನಲ್ಲಿ ದಪ್ಪನೆಯ ಸದ್ದು. ದಬ್. ಅವನದು.

ಹೆಂಡತಿ ಉಸಿರೆಳೆದುಕೊಂಡಳು.

ಅವನು ತನ್ನ ಮಣಿಕಟ್ಟು ಹಿಡಿದು ನೋಡಿದ. ಏನೂ ಇರಲಿಲ್ಲ. ಸೇವ್ ಮಾಡಿದ. ಇನ್ನು ಇದನ್ನು ಸಿ.ಡಿ.ಗೆ ಹಾಕಿ ಬೀಗದೊಳಗೆ ಇಟ್ಟರಾಯಿತು. ಅವಳು ಎದ್ದು ಕೂತಿದ್ದಳು, ಅಷ್ಟು ಸಾಕಿತ್ತು. ಅವನಿಗೆ ಅಳುವೂ ನಗುವೂ ಒಟ್ಟಿಗೆ ಬಂದವು.

“ಸೆಕೆಗೆ ತಲೆ ಸುತ್ತಿರ್ಬೇಕು ಕಣ್ರೀ,” ಎಂದಳು. “ನಿಮ್ಮ ಅಂಗಿಗೇನಾಯ್ತು? ಒಂಚೂರು ನೀರು ಕೊಡಿ.”

ನಡೆದದ್ದನ್ನು ಹೇಳಬೇಕೆಂದುಕೊಂಡ. ಆ ಬಿಳಿಚಿದ ಮುಖ ನೋಡಿ ಮನಸ್ಸು ಬರಲಿಲ್ಲ. ನೀರು ಕುಡಿಯಲಿ, ಆಮೇಲೆ ಹೇಳಿದರಾಯಿತು. ಗೋಡೆ ಹಿಡಿದುಕೊಂಡು ಮುಂದಿನ ಅಂಗಡಿಗೆ ಬಂದು ನಲ್ಲಿಯ ಕೆಳಗೆ ಲೋಟ ಹಿಡಿದ. ಹೊರಗೆ ಬಿಸಿಲು, ಸ್ಕೂಟರುಗಳ ಓಡಾಟ, ಎಂದಿನ ಮಧ್ಯಾಹ್ನ. ಒಳಗಿನಿಂದ ಅವನ ಎದೆ ಸಣ್ಣಗೆ ಕೇಳಿಸುತ್ತಿತ್ತು.

“ರೀ, ಈ ಫೈಲಲ್ಲಿ ದಬದಬ ಅಂತ ಎಷ್ಟೊಂದು ಗಲಾಟೆ ಬಿಟ್ಟಿದೀರಲ್ಲ!” ಹೆಂಡತಿಯ ದನಿ ಗೆಲುವಾಗಿತ್ತು. “ನೀವು ಬರೋದ್ರೊಳಗೆ ನಾನೇ ತೆಗೆದುಬಿಡ್ತೀನಿ.”

ಬೇಡ ಎನ್ನಲು ಅವನು ಬಾಯಿ ತೆರೆದ.

ಲೋಟ ತುಂಬಿ ನೀರು ಅವನ ಕೈಮೇಲೆ ಹರಿಯುತ್ತಿತ್ತು.

“ಆಯ್ತು ನೋಡಿ. ಎಷ್ಟು ಕ್ಲೀನಾಗಿದೆ, ಬಂದು ಕೇಳಿ... ರೀ?”