ಕರಿ ಕಂಬಳಿ, ಹಳದಿ ಮುಖ

ಮೊದಲ ಕಲ್ಲು ಬೈಕಿನ ಕನ್ನಡಿಗೆ ಬಿತ್ತು.

ಎರಡನೆಯದು ನನಗೆ!

ಹೆಲ್ಮೆಟ್ ಇತ್ತು, ಬದುಕಿದೆ. ಅದರ ಗಾಜು ಬಿರುಕು ಬಿಟ್ಟಿತು. ಬೈಕ್ ಒಂದು ಕಡೆ ಹೋಯಿತು, ನಾನು ಇನ್ನೊಂದು ಕಡೆ. ಕಣ್ಣು ಬಿಟ್ಟಾಗ ಕಾಲುವೆಯ ಕೆಸರಿನಲ್ಲಿ ಸೊಂಟದವರೆಗೆ ಹೂತು ಕೂತಿದ್ದೆ.

ಸುಡುವ ಮಧ್ಯಾಹ್ನ. ಉಗಾರ ಖುರ್ದ ದಾಟಿ ಕಬ್ಬಿನ ನಡುವಿನ ಗಾಡಿದಾರಿ. ನಾನು ಹಿಂಬಾಲಿಸುತ್ತಿದ್ದ ಬಿಳಿ ಪಿಕಪ್ ಧೂಳೆಬ್ಬಿಸಿಕೊಂಡು ಪರಾರಿಯಾಗಿತ್ತು.

ಕಬ್ಬು ಸರಸರ ಅಲುಗಾಡಿತು...

ಮೂವರು ಹೊರಬಂದರು.

ಮೈತುಂಬ ಕರಿ ಕಂಬಳಿ. ಮುಖದ ತುಂಬ ಬೀರದೇವರ ಗುಡಿಯ ಭಂಡಾರ. ಅರಿಶಿನದ ಪುಡಿಯನ್ನು ಗೋಡೆಗೆ ಸುಣ್ಣ ಬಳಿದಷ್ಟು ದಪ್ಪಗೆ ಬಳಿದುಕೊಂಡಿದ್ದರು. ಕಣ್ಣಿಗೆ ದ್ರಾಕ್ಷಿಗೆ ಔಷಧ ಹೊಡೆಯುವವರ ದೊಡ್ಡ ಗಾಗಲ್. ಒಬ್ಬ ಬಾಗಿಲಿಗೆ ಅಡ್ಡ ನಿಂತರೆ ಬೆಳಕೇ ಬರದಷ್ಟು ದೊಡ್ಡವ. ಇನ್ನೊಬ್ಬಳ ಕೈಯಲ್ಲಿ ಕವಣೆ. ಮೂರನೆಯವರು ಎಲ್ಲರಿಗಿಂತ ಗಿಡ್ಡ. ನೇರ ಬಂದು ನನ್ನ ಬೆನ್ನಿಗೆ ಕೋಲಿನಿಂದ ಒಂದು ಬಿಟ್ಟರು.

"ನಮ್ಮ ಕುರಿ ಎಲ್ಲ್ಯಾವಲೇ?"

ಹೆಂಗಸಿನ ಧ್ವನಿ! ಅದೂ ಅಜ್ಜಿಯ ಧ್ವನಿ!

"ಯಾವ ಕುರಿ?" ಅಂದೆ.

ಇನ್ನೊಂದು ಬಿತ್ತು.

"ಅವ್ವಾ, ಸಾಕ್ ಬಿಡು. ಸತ್ತಗಿತ್ತಾನ!" ಅಂದ ದೊಡ್ಡವ.

"ಅವ್ವಾ ಅನಬ್ಯಾಡ್ರಿ ಅಂತ ಎಷ್ಟ್ ಸಲ ಹೇಳ್ಬೇಕು ನಿಮಗ?" ಕವಣೆಯವಳು ಗದರಿದಳು. "ಗುರುತ ಸಿಗತೈತಿ! ಅತ್ತಿ, ನೀವಾರ ಹೇಳ್ರಿ ನಿಮ್ಮ ಮಗಗ!"

ಹೀಗೆ ಮೂವರ ಗುರುತೂ ನನಗೆ ಸಿಕ್ಕಿತು. ಅವ್ವ, ಮಗ, ಸೊಸೆ. ನಾನು ಇನ್ನೂ ಕೆಸರಿನಿಂದ ಎದ್ದಿರಲಿಲ್ಲ!

ನನ್ನ ಬಗ್ಗೆ ಹೇಳಲಿಲ್ಲ ಅಲ್ಲವೇ? ನಾನು ಜ್ಞಾನದೇವ. ಚಿಕ್ಕೋಡಿ ಬಸ್ ಸ್ಟ್ಯಾಂಡಿನ ಹಿಂದೆ, ಪಂಕ್ಚರ್ ಅಂಗಡಿಯ ಮೇಲೆ ನನ್ನ ಆಫೀಸು. ಕಳೆದದ್ದನ್ನು ಹುಡುಕಿಕೊಡುತ್ತೇನೆ. ಟ್ರ್ಯಾಕ್ಟರ್, ಬಾವಿಯ ಮೋಟರ್, ಮದುವೆಯ ಹಿಂದಿನ ದಿನ ಓಡಿಹೋದ ಗಂಡು... ಯಾವುದಾದರೂ ಸೈ. ಒಂಟಿ ಆಸಾಮಿ. ಮನೆಗೆ ಹೋದರೆ ಯಾಕೆ ತಡವಾಯಿತು ಅಂತ ಕೇಳುವವರಿಲ್ಲ. ಈ ದಂಧೆಗೆ ಅದು ಅನುಕೂಲ ಅನ್ನುತ್ತಾರೆ.

ಹಿಂದಿನ ದಿನ ರಾವಸಾಹೇಬರು ಬಂಗಲೆಗೆ ಕರೆಸಿದ್ದರು. ಕಾಗವಾಡದ ಕಡೆ ಅವರ ಹೆಸರು ಗೊತ್ತಿಲ್ಲದವರಿಲ್ಲ. ಹೊಳೆ ದಂಡೆಯಲ್ಲಿ ಕಬ್ಬು, ಮೇಲಿನ ಹೊಲದಲ್ಲಿ ದ್ರಾಕ್ಷಿ, ಗೋಡೆಗೆ ಬಂದೂಕು.

"ಮೂರ ಮಂದಿ ಅದಾರ, ಜ್ಞಾನದೇವ," ಅಂದರು. "ಹಳದಿ ಮಾರಿ ಮಾಡ್ಕೊಂಡ್ ಬಂದು ನನ್ನ ಡ್ರೈವರ್‌ಗೋಳನ್ನ ಬಡ್ಯಾಕತ್ತಾರ. ಒಬ್ಬನ ಕೈ ಮುರದೈತಿ. ಯಾರಂತ ಗೊತ್ತಾಗ್ಬೇಕು ನನಗ. ಅಷ್ಟ."

"ಗೊತ್ತಾದ ಮ್ಯಾಲ?"

"ಮುಂದಿಂದ್ ನಾ ನೋಡ್ಕೋತೀನಿ."

ಆ ಮೂವರ ಸುದ್ದಿ ನನಗೂ ಗೊತ್ತಿತ್ತು. ಅಥಣಿಯಿಂದ ನಿಪ್ಪಾಣಿಯವರೆಗೆ ವಾಟ್ಸಾಪಿನಲ್ಲಿ ಅವರದೇ ಫೋಟೋ. ರಾಯಬಾಗದ ಸಲೂನಿನವನೊಬ್ಬ "ಹಳದಿ ಹೀರೋ ಕಟಿಂಗ್" ಅಂತ ಬೋರ್ಡೇ ಹಾಕಿದ್ದ. ಅವರು ಹೊಡೆಯುವುದು ರಾವಸಾಹೇಬರ ಪಿಕಪ್ಪುಗಳನ್ನು ಮಾತ್ರ. ಹಾಗಾಗಿ ಪಿಕಪ್ಪಿನ ಹಿಂದೆ ಹೋದರೆ ಅವರೇ ಬಂದು ಸಿಗುತ್ತಾರೆ ಅಂತ ಲೆಕ್ಕ ಹಾಕಿದೆ. ಲೆಕ್ಕ ಸರಿಯಾಗಿತ್ತು. ಹೆಲ್ಮೆಟ್ ಮಾತ್ರ ಹೋಯಿತು.

"ನಾ ಅವರ ಮನಷ್ಯಾ ಅಲ್ಲಬೇ ಯವ್ವಾ," ಅಂದೆ ಕೈ ಮುಗಿದು. "ನೀವ್ ಯಾರಂತ ಹುಡಕಾಕ ಬಂದೇನಿ."

"ಹುಡಕಿದೆಲ್ಲ? ಹೋಗಿ ಹೇಳ್ ಮತ್ತ. ಅಕ್ಕೋಳದ ಭೀಮಾಬಾಯಿ ಕುರಿ ಕದ್ದವ್ರ ಎಲುವ ಮುರ್ಯಾಕತ್ತಾಳ ಅಂತ ಹೇಳ್!"

"ಅತ್ತೀ!" ಸೊಸೆ ಹಣೆ ಚಚ್ಚಿಕೊಂಡಳು. ಕೈಗೆಲ್ಲ ಅರಿಶಿನ.

ದೊಡ್ಡವ ನನ್ನನ್ನು ಕಾಲುವೆಯಿಂದ ಮೂಲಂಗಿ ಕಿತ್ತ ಹಾಗೆ ಎಳೆದು ದಂಡೆಗೆ ಕೂರಿಸಿದ. ಹೆಸರು ಮಲಕಾರಿ. ಹೆಂಡತಿ ಕೋಮಲ. ವೇಷವೆಲ್ಲ ಅವಳದೇ ಐಡಿಯಾ.

ಕತೆ ಅವಳೇ ಹೇಳಿದಳು. ಗೊಬ್ಬರ ಆಗಲಿ ಅಂತ ಕಟಾವಾದ ಕಬ್ಬಿನ ಹೊಲದಲ್ಲಿ ಕುರಿ ನಿಲ್ಲಿಸಲು ರಾವಸಾಹೇಬರೇ ಇವರನ್ನು ಕರೆಸಿದ್ದರಂತೆ. ನಂಬಿ ಬಂದರು. ಊಟಕ್ಕೆ ಕೂತ ಹೊತ್ತಿಗೆ ಪಿಕಪ್ಪುಗಳು ಬಂದವು. ಮುಖಕ್ಕೆ ಟವೆಲ್ ಸುತ್ತಿದ ಜನ, ಕೈಯಲ್ಲಿ ಕಬ್ಬು ಕಡಿಯುವ ಕೊಯ್ತಾ. ಮಲಕಾರಿಯ ತಲೆ ಒಡೆದು ಇಡೀ ಹಿಂಡು ಹೊತ್ತೊಯ್ದರು. ಹಿಂದೆಯೂ ಹಲವರ ಕುರಿ ಹೀಗೇ ಹೋಗಿದ್ದವಂತೆ, ಹಾಗಾಗಿ ಈಗ ಹೊಡೆಯುತ್ತಿರುವವರು ಯಾರಂತ ರಾವಸಾಹೇಬರಿಗೆ ತಿಳಿದಿರಲಿಲ್ಲ. ಠಾಣೆಯಲ್ಲಿ ದೂರು ಕೊಟ್ಟರೆ, ಕುರಿ ಎಲ್ಲಾ ಒಂದೇ ಥರ ಕಾಣುತ್ತವೆ, ನಿಮ್ಮದು ಅನ್ನುವುದಕ್ಕೆ ಪುರಾವೆ ಏನು ಅಂದರಂತೆ.

"ಮತ್ತ ಈ ವೇಷ ಯಾಕ?"

"ಮಾರಿ ತೋರ್ಸಿ ಬಡದ್ರ ಈ ದಂಡಿ ಮ್ಯಾಲ ಯಾವ ಹೊಲದಾಗೂ ನಮ್ಮನ್ನ ನಿಲ್ಲಿಸಗೊಡೂದಿಲ್ರಿ ಅಂವ. ಕುರಿ ಸಿಕ್ರೂ ಮೇಸೂದ್ ಎಲ್ಲಿ?"

ಭೀಮಾಬಾಯಿ ಗಾಗಲ್ ಮೇಲೆತ್ತಿದಳು. ಅರಿಶಿನದ ನಡುವೆ ಕಣ್ಣು ಕೆಂಪಾಗಿದ್ದವು.

"ಕುರಿ ಒಯ್ಯಾಕ ಇವತ್ತ ಮುಂಬೈ ಲಾರಿ ಬರತೈತಂತ. ನಿನ್ನಿ ಸಿಕ್ಕ ಡ್ರೈವರ್ ಬಾಯಿ ಬಿಟ್ಟಾನ. ಎಲ್ಲಿ ಇಟ್ಟಾರ ಅನ್ನೂದ್ ಅಂವಗೂ ಗೊತ್ತಿಲ್ಲ. ಎಲ್ಲಾ ನನ್ನ ಕೈಯಾಗ ಹುಟ್ಟಿದ್ವೋ ತಮ್ಮಾ. ಅವು ಇಲ್ದ ನಾ ಏನ್ ಮಾಡ್ಲಿ?"

ಕಳ್ಳನೇ ನನ್ನನ್ನು ಕೂಲಿಗೆ ಹಿಡಿದಿದ್ದ! ಇಲ್ಲಿಂದ ಮುಂದೆ ರಾವಸಾಹೇಬನಿಗೆ ಬಹುವಚನ ಇಲ್ಲ.

ಆಗ ನೆನಪಾಯಿತು. ನಿನ್ನೆ ಬಂಗಲೆಯಿಂದ ಹೊರಡುವಾಗ ಕಂಡಿದ್ದೆ. ಒಣದ್ರಾಕ್ಷಿ ಶೆಡ್ಡಿನ ಬಾಗಿಲಲ್ಲಿ ಒಂದು ಟ್ರಾಲಿ ಹಸಿ ಮೇವು ಇಳಿಸುತ್ತಿದ್ದರು. ದ್ರಾಕ್ಷಿ ಕಟಾವಿಗೆ ಇನ್ನೂ ತಿಂಗಳುಗಳಿವೆ. ಶೆಡ್ ಖಾಲಿ ಇರಬೇಕು. ಒಣದ್ರಾಕ್ಷಿ ಇದ್ದರೂ ಅದು ಮೇವು ತಿನ್ನುತ್ತದೆಯೇ?

ಫೋನ್ ತೆಗೆದು ನನಗೆ ಪರಿಚಯದ ಪಿಎಸ್ಐ ರಾಜೇಶ್ವರಿ ಮೇಡಮ್ಮಿಗೆ ಹಚ್ಚಿದೆ.

"ಮೇಡಮ್, ರಾವಸಾಹೇಬನ ಒಣದ್ರಾಕ್ಷಿ ಶೆಡ್ಡಿಗೆ ಲಗೂನ ಬರ್ರಿ."

"ಯಾಕ?"

"ಒಣದ್ರಾಕ್ಷಿ ಬ್ಯಾ ಅನ್ನಾಕತ್ತಾವ!"

"ಕುಡದೀಯೇನೋ ಜ್ಞಾನದೇವ?"

"ಇಲ್ರಿ. ಬಂದ್ ನೋಡ್ರಿ!"

ಕಟ್ ಮಾಡಿದೆ. ಮೇಡಮ್ ಬರುವವರೆಗೆ ಕಾಯೋಣ ಅಂದೆ. ಭೀಮಾಬಾಯಿ ಆಗಲೇ ಮಲಕಾರಿಯ ಟಂಟಂ ರಿಕ್ಷಾ ಹತ್ತಿ ಕೂತಿದ್ದಳು.

"ನಾನೂ ಬರ್ತೀನಿ."

ಕೋಮಲ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಕೂರಲು ಹಾಸುವ ಕಂಬಳಿಯೊಂದನ್ನು ನನ್ನ ಹೆಗಲಿಗೆ ಎಸೆದಳು. ಮುಖಕ್ಕೆ ಎರಡು ಹಿಡಿ ಭಂಡಾರ ಬಳಿದಳು. ಮೂರು ಸೀನು ಸೀನಿದೆ.

"ಗಾಗಲ್ ಮೂರ ಅದಾವ. ನೀವು ಒಡಕ ಹೆಲ್ಮೆಟ್ಟ ಹಾಕ್ಕೋರಿ."

ನನ್ನ ಹೀರೋಗಿರಿ ಹೀಗೆ ಶುರುವಾಯಿತು!

ಶೆಡ್ಡಿನ ಮುಂದೆ ನಾಲ್ವರು ಇದ್ದರು. ನಿನ್ನೆ ಬಂಗಲೆಯಲ್ಲಿ ಕಂಡಿದ್ದ ಪಿಕಪ್ ಡ್ರೈವರ್ ಶಿವಾಜಿ ಕೊಯ್ತಾ ತಿರುಗಿಸುತ್ತಾ ಎದ್ದ.

"ಬಂದ್ರಲೇ ಹಳದಿ ನಾಟಕದವ್ರು!"

ಕೋಮಲಳ ಕವಣೆ ಸುಯ್ ಅಂದಿತು. ಕೊಯ್ತಾ ಹಾರಿ ಬಿತ್ತು. ಶಿವಾಜಿ ಬೆರಳು ಬಾಯಲ್ಲಿಟ್ಟುಕೊಂಡು ಕುಣಿಯತೊಡಗಿದ.

ಆಮೇಲೆ ನಡೆದದ್ದು ಜಾತ್ರೆಯ ಕುಸ್ತಿಗಿಂತ ಜೋರು! ಮಲಕಾರಿ ಒಬ್ಬನನ್ನು ಎತ್ತಿ ಮೇವಿನ ಬಣವೆಗೆ ಎಸೆದ. ಇನ್ನೊಬ್ಬ ನನ್ನ ಮೇಲೆ ಬಂದ. ಅವನ ಮೂಗಿಗೆ ಹೆಲ್ಮೆಟ್ಟಿನಿಂದ ಗುದ್ದಿದೆ. ಇಬ್ಬರಿಗೂ ನೋವಾಯಿತು, ಅವನಿಗೆ ಸ್ವಲ್ಪ ಜಾಸ್ತಿ. ನಾಲ್ಕನೆಯವ ಗಿಡ್ಡ ಆಸಾಮಿಯನ್ನು ನೋಡಿ ಇದು ಸುಲಭ ಅಂದುಕೊಂಡ. ತಪ್ಪು ಮಾಡಿದ. ಭೀಮಾಬಾಯಿ ಮೊಣಕಾಲಿಗೆ ಒಂದು, ಮೊಣಕೈಗೆ ಒಂದು, ಬಗ್ಗಿದ ಮೇಲೆ ಬೆನ್ನಿಗೊಂದು ಕೊಟ್ಟಳು.

"ನನ್ನ ಮಗನ ತಲಿ ಒಡದಾಂವ ನೀನ ಅಲ್ಲೇನ?"

"ಅಲ್ಲಬೇ ಆಯಿ! ಅಂವ!" ಅಂತ ಶಿವಾಜಿಯನ್ನು ತೋರಿಸಿದ.

ಮಲಕಾರಿ ಶಿವಾಜಿಯ ಕಡೆ ತಿರುಗಿದ. ಶಿವಾಜಿ ಓಡಿದ. ಓಡುವುದಕ್ಕೆ ಜಾಗ ಸಾಲಲಿಲ್ಲ. ಮಲಕಾರಿ ಅವನನ್ನು ಸೊಂಟ ಹಿಡಿದೆತ್ತಿ ಶೆಡ್ಡಿನ ತಗಡಿನ ಬಾಗಿಲಿಗೆ ಬಿಸಾಡಿದ. ಚಿಲಕ ಕಿತ್ತು ಬಂತು. ಒಳಗೆ ಕತ್ತಲು, ಗಮಲು, ಮತ್ತು...

ಬ್ಯಾ!

ಢಂ!

ಎಲ್ಲರೂ ನಿಂತೆವು. ರಾವಸಾಹೇಬ ಡಬಲ್ ಬ್ಯಾರಲ್ ಬಂದೂಕು ಹಿಡಿದು ನಿಂತಿದ್ದ. ಮೊದಲ ಗುಂಡು ಗಾಳಿಗೆ ಹೋಗಿತ್ತು. ಎರಡನೆಯದು ಭೀಮಾಬಾಯಿಯ ಎದೆಗೆ ಗುರಿಯಾಗಿತ್ತು. ಮಲಕಾರಿ ಅವ್ವನ ಮುಂದೆ ಬಂದು ನಿಂತ. ಕೋಮಲ ಗಂಡನ ಮುಂದೆ ಬಂದು ನಿಂತಳು. ನನಗೆ ಜೀವಮಾನದಲ್ಲಿ ಅಷ್ಟು ಹೆದರಿಕೆ ಆಗಿರಲಿಲ್ಲ.

"ಯಾರ್ ನೀವು? ಬೋಲಾ, ಹೇಳ್ರಿ! ಮಾರಿ ಒರಸ್ಕೊಳ್ರಿ, ಇಲ್ಲಾ ಸುಡ್ತೀನಿ!"

ಆಗ ಜೀಪು ಬಂತು. ಹಿಂದೆಯೇ ಮುಂಬೈ ಲಾರಿ. ಪೊಲೀಸರನ್ನು ಕಂಡದ್ದೇ ಅದು ಬಂದ ದಾರಿಗೆ ರಿವರ್ಸ್ ಹೋಯಿತು.

ರಾಜೇಶ್ವರಿ ಮೇಡಮ್ ಇಳಿದರು. ಸುತ್ತ ನೋಡಿದರು. ನೆಲದ ಮೇಲೆ ನಾಲ್ವರು ನರಳುತ್ತಿದ್ದರು, ನಾಲ್ವರು ಹಳದಿಯಾಗಿದ್ದರು.

"ಬಂದೂಕ ಇಳಸ್ರಿ ರಾವಸಾಹೇಬ್ರ."

ಇಳಿಸಿದ. ಕ್ಷಣದಲ್ಲಿ ಧ್ವನಿ ಜೇನಾಯಿತು.

"ಛಲೋ ಟೈಮಿಗೆ ಬಂದ್ರಿ ಮೇಡಮ್! ದರೋಡೆಕೋರ್ರು! ನನ್ನ ಕುರಿ ಒಯ್ಯಾಕ ಬಂದಿದ್ರು."

"ಈ ಕುರಿ ನಿಮ್ಮವ?"

"ನನ್ನವ! ಇಲ್ಲೇ ಹುಟ್ಟಿ ಬೆಳದಾವ. ಬೆನ್ನ ಮ್ಯಾಲ ನನ್ನ ಹಸರ ಬಣ್ಣದ ಗುರುತ ಐತಿ ನೋಡ್ರಿ."

ಮೇಡಮ್ ನಮ್ಮ ಕಡೆ ತಿರುಗಿದರು. "ನೀವ್ ಏನ್ ಹೇಳ್ತೀರಿ?"

ಭೀಮಾಬಾಯಿ ಬಾಯಿ ತೆರೆದಳು. ಕೋಮಲ ಅವಳ ಕೈ ಹಿಡಿದಳು. ಮಾತಾಡಿದರೆ ಗುರುತು ಹೋಗುತ್ತದೆ. ಮಾತಾಡದಿದ್ದರೆ ಕುರಿ ಹೋಗುತ್ತವೆ. ನಾನು ಮಾತಾಡಿದರೂ ಪುರಾವೆ ಎಲ್ಲಿ? ಮತ್ತದೇ ಹಾಳು ಪುರಾವೆ!

ಅಷ್ಟರಲ್ಲಿ ಮುರಿದ ಬಾಗಿಲಿನಿಂದ ಒಂದು ಮುದಿ ಕುರಿ ತಲೆ ಹೊರಹಾಕಿತು. ಮೂಗು ಎತ್ತಿ ಗಾಳಿ ಮೂಸಿತು. ನೇರ ನಡೆದು ಬಂದು ಗಿಡ್ಡ ಕಂಬಳಿಯೊಳಗೆ ತಲೆ ತೂರಿಸಿತು!

ಅರಿಶಿನ ಬಳಿಯಬಹುದು, ಗಾಗಲ್ ಹಾಕಬಹುದು. ಆದರೆ ಹೊದ್ದದ್ದು ವರ್ಷಗಟ್ಟಲೆ ಅದೇ ಹಿಂಡಿನ ನಡುವೆ ಮಲಗಿದ ಕಂಬಳಿ. ಇಷ್ಟೆಲ್ಲ ಯೋಚಿಸಿದ್ದ ಕೋಮಲ ಇದನ್ನು ಯೋಚಿಸಿರಲಿಲ್ಲ.

"ಹ್ಞಾಂ... ಹೋಗ್... ಆ ಕಡೆ ಹೋಗ್..." ಭೀಮಾಬಾಯಿ ಪಿಸುಗುಟ್ಟುತ್ತಾ ಕಾಲಿನಿಂದ ಮೆಲ್ಲಗೆ ದಬ್ಬಿದಳು. ಅದು ಹೋಗಲಿಲ್ಲ. ಅದರ ಹಿಂದೆ ಇನ್ನೆರಡು. ಆಮೇಲೆ ಇಡೀ ಶೆಡ್ಡೇ ಹೊರಗೆ ನುಗ್ಗಿತು! ಮರಿಗಳು ಅವಳ ಕಾಲಿಗೆ ಸುತ್ತಿಕೊಂಡವು. ಟಗರೊಂದು ಬಂದ ಖುಷಿಗೆ ಅವಳನ್ನು ಕೆಡವಿಯೇ ಬಿಡುತ್ತಿತ್ತು. ಅವಳು ದಬ್ಬುತ್ತಲೇ ಇದ್ದಳು, ಗಾಗಲ್ಲಿನ ಕೆಳಗಿನಿಂದ ಅರಿಶಿನದ ಮೇಲೆ ನೀರು ಗೆರೆ ಎಳೆಯುತ್ತಿತ್ತು.

ರಾವಸಾಹೇಬ ಗೆದ್ದವನ ಹಾಗೆ ಹಾರಿದ.

"ಸಿಕ್ಕಳು! ಗೊತ್ತಾತು! ಇಕಿ ಭೀಮಾಬಾಯಿ! ಅಕ್ಕೋಳದ ಭೀಮಾಬಾಯಿ!"

"ಮಾರಿ ಕಾಣವಲ್ದು," ಅಂದರು ಮೇಡಮ್. "ನಿಮಗ ಹೆಂಗ್ ಗೊತ್ತಾತು?"

"ಕಣ್ಣ ಕಾಣೂದಿಲ್ಲೇನ್ರಿ ಮೇಡಮ್? ಆಕಿ ಕುರಿ ಆಕಿ ಕಡೆ ಓಡಿ ಹೋಗ್ಯಾವಲ್ಲ!"

ಮಾತು ಬಾಯಿಂದ ಬಿತ್ತು.

ಒಂದು ಮರಿ ಬ್ಯಾ ಅಂದಿತು.

"ಯಾರ ಕುರಿ?" ಮೇಡಮ್ ಮೃದುವಾಗಿ ಕೇಳಿದರು.

ನೆಲದಲ್ಲಿದ್ದ ಶಿವಾಜಿಯೇ ನಕ್ಕುಬಿಟ್ಟ. ಭೀಮಾಬಾಯಿ ಗಾಗಲ್ ತೆಗೆದಳು.

"ಹೌದ್ರಿ ಮೇಡಮ್. ನಾನ ಭೀಮಾಬಾಯಿ. ಏನ್ ಕೇಸ್ ಹಾಕ್ತೀರಿ ಹಾಕ್ರಿ. ನನ್ನ ಕುರಿ ನನಗ ಕೊಡ್ರಿ."

"ಏನ್ ಕೇಸ್?" ಮೇಡಮ್ ಹುಬ್ಬೇರಿಸಿದರು. "ನಿಮ್ಮ ಕುರಿ ಕರ್ಕೊಂಡ್ ಹೋಗಾಕ ಬಂದ್ರಿ. ದೇವರ ಭಂಡಾರ ಹಚ್ಕೊಂಡ್ರಿ. ಚಳಿ ಇತ್ತು, ಕಂಬಳಿ ಹೊದ್ದೀರಿ."

ಆ ಸುಡು ಬಿಸಿಲಲ್ಲಿ ಕಾನ್‌ಸ್ಟೇಬಲ್ ಹಣೆಯ ಬೆವರು ಒರೆಸಿಕೊಂಡು, "ಭಾಳ ಚಳಿರಿ ಮೇಡಮ್," ಅಂದ.

"ಮತ್ತ ಇವ್ರ ಕೈಕಾಲ?" ನೆಲದಲ್ಲಿದ್ದ ನಾಲ್ವರನ್ನು ತೋರಿಸಿ ಮೇಡಮ್ ಅವನನ್ನೇ ಕೇಳಿದರು.

"ಬಾಗಲದಾಗ ಎಡವ್ಯಾರ್ರಿ."

ರಾವಸಾಹೇಬನನ್ನು ಜೀಪಿಗೆ ಹತ್ತಿಸಿದರು. ಮಲಕಾರಿ ಅವ್ವನನ್ನು ಎತ್ತಿ ತಿರುಗಿಸಿದ. ಅವಳು ಬೈಯುತ್ತಾ ನಗುತ್ತಾ ಒಂದೊಂದೇ ಕುರಿಯ ಕಿವಿ ಹಿಡಿದು ಹೆಸರು ಕೂಗುತ್ತಿದ್ದಳು. ಕೋಮಲ ಆಗಲೇ ಸೆಲ್ಫಿಗೆ ನಿಂತಿದ್ದಳು.

ಜೀಪಿನ ಒಳಗಿನಿಂದ ರಾವಸಾಹೇಬ ನನ್ನತ್ತ ಬೆರಳು ಮಾಡಿ ಚೀರಿದ.

"ಆ ಹೆಲ್ಮೆಟ್‌ನಾಂವ ಯಾರು? ಅಂವನ್ನ ಹಿಡೀರಿ! ಅಂವ ಯಾರು?"

ಮೇಡಮ್ ನನ್ನನ್ನು ನೋಡಿದರು. ಕುರಿಗಳನ್ನು ನೋಡಿದರು.

"ನೋಡೂಣ ತಡೀರಿ. ಕುರಿ ಏನ್ ಹೇಳ್ತಾವ?"

ಒಂದು ಮರಿ ಹತ್ತಿರ ಬಂತು. ನನ್ನ ಬೂಟು ಮೂಸಿತು. ಮುಖ ತಿರುಗಿಸಿಕೊಂಡು ಹೋಯಿತು.

ನನ್ನವರು ಅಂತ ಯಾರೂ ಇಲ್ಲದ್ದು ಮೊದಲ ಸಲ ಉಪಯೋಗಕ್ಕೆ ಬಂತು!